‘ಹೋಲ್ಡ್’ ಮುಂದಿನ ಖಾಲಿ ಗೆರೆ

ಯಾವುದನ್ನೇ ಆಗಲಿ ಶುರು ಮಾಡುವುದಕ್ಕೆ ಧೈರ್ಯ ಸಾಕು, ನಿಲ್ಲಿಸುವುದಕ್ಕೆ ವಿವೇಕ ಬೇಕು. ಇಷ್ಟು ಗಹನವಾದ ಸತ್ಯ ನನಗೆ ಹೊಳೆದದ್ದು ಯಾವ ತಪಸ್ಸಿನ ಫಲವಾಗಿಯೂ ಅಲ್ಲ. ರಿಪ್ಪನ್‌ಪೇಟೆಯ ನನ್ನ ಔಷಧಿ ಅಂಗಡಿಯಲ್ಲಿ ಕೂತು ಭೇದಿ ಕಟ್ಟುವ ಮಾತ್ರೆ ಎಣಿಸುತ್ತಿದ್ದಾಗ.

ಅಂಗಡಿಯಲ್ಲಿ ನಾನು ಮಾಡುವ ಕೆಲಸ ಎರಡು. ಔಷಧಿ ಮಾರುವುದು ಒಂದು. ಅದಕ್ಕೆ ಸರ್ಕಾರದ ಲೈಸೆನ್ಸ್ ಇದೆ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ. ಇನ್ನೊಂದು, ಡಿಸ್ಚಾರ್ಜ್ ಚೀಟಿ ಓದಿ ಹೇಳುವುದು. ಅದಕ್ಕೆ ಯಾವ ಲೈಸೆನ್ಸೂ ಇಲ್ಲ. ದೊಡ್ಡ ಆಸ್ಪತ್ರೆಗಳಿಂದ ಮನೆಗೆ ಬಂದವರು ಮೂರು ಪುಟದ ಇಂಗ್ಲಿಷ್ ಕಾಗದವನ್ನು ಗಾಜಿನ ಮೇಲೆ ಹಾಸಿ, “ಭಟ್ರೆ, ಎಂತ ಬರ್ದಿದಾರೆ ನೋಡಿ” ಅನ್ನುತ್ತಾರೆ. ನಾನು ಕನ್ನಡಕ ಏರಿಸಿ, ಶಾಸನ ಓದುವವನ ಹಾಗೆ ಓದುತ್ತೇನೆ. ಆಮೇಲೆ ಒಂದೊಂದು ಮಾತ್ರೆಯನ್ನೂ ಒಂದೊಂದು ಕಂದು ಕವರಿಗೆ ಹಾಕಿ, ಬೆಳಗಿಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದು, ಕೆಳಗೆ ಕನ್ನಡದಲ್ಲಿ ಒಂದು ಸಾಲು ಗೀಚಿ ಕೊಡುತ್ತೇನೆ.

ಕೊಡು ಎನ್ನುವುದಕ್ಕೆ ವೈದ್ಯರು ಹೆಚ್ಚು ಮಾತು ಬಳಸುವುದಿಲ್ಲ. ಬೇಡ ಎನ್ನುವಾಗ ಮಾತ್ರ ಅವರ ಇಂಗ್ಲಿಷ್ ಅರಳುತ್ತದೆ. ಸ್ಟಾಪ್, ಹೋಲ್ಡ್, ವಿತ್‌ಹೋಲ್ಡ್, ಓಮಿಟ್, ಸ್ಕಿಪ್, ಸಸ್ಪೆಂಡ್, ಟೇಪರ್, ಡಿಸ್ಕಂಟಿನ್ಯೂ. ನನ್ನಲ್ಲಿರುವ ನಿಘಂಟು ಇವುಗಳಲ್ಲಿ ಮುಕ್ಕಾಲು ಪಾಲಿಗೆ ‘ನಿಲ್ಲಿಸು’ ಎಂದು ಒಂದೇ ಅರ್ಥ ಕೊಟ್ಟು ಕೈತೊಳೆದುಕೊಂಡಿದೆ. ಅಂಗಡಿಯಲ್ಲಿ ಹಾಗೆ ಕೈತೊಳೆಯಲು ಬರುವುದಿಲ್ಲ. ಸ್ಟಾಪ್ ಅಂದರೆ ಕೆಲಸ ಮುಗಿಯಿತು, ಸಾಕು. ಡಿಸ್ಕಂಟಿನ್ಯೂ ಅಂದರೆ ಇನ್ನು ಆ ಮಾತ್ರೆಯ ಮುಖ ನೋಡಬೇಡ. ಓಮಿಟ್, ಸ್ಕಿಪ್ ಅಂದರೆ ಆ ಹೊತ್ತಿನದೊಂದು ಬೇಡ. ವಿತ್‌ಹೋಲ್ಡ್ ಅಂದರೆ ಇಂಥ ಲಕ್ಷಣ ಕಂಡರೆ ಕೊಡಬೇಡ, ಕಾಣದಿದ್ದರೆ ಕೊಡು. ಟೇಪರ್ ಅಂದರೆ ಒಮ್ಮೆಲೇ ಬಿಡದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸು. ಹೋಲ್ಡ್ ಅಂದರೆ ಮಾತ್ರೆ ಬೇಕೇ ಬೇಕು, ಈಗ ಮಾತ್ರ ಬೇಡ. ಇಷ್ಟನ್ನೂ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಕನ್ನಡ ಮಾಡಿ ಬರೆದಿಟ್ಟುಕೊಂಡಿದ್ದೆ. ಸಸ್ಪೆಂಡ್ ಒಂದಕ್ಕೆ ಮಾತ್ರ ವಿವರಣೆ ಬೇಕಾಗಿರಲಿಲ್ಲ. ಸಸ್ಪೆಂಡ್ ಆದವನು ಆರು ತಿಂಗಳಲ್ಲಿ ಇನ್ನಷ್ಟು ದಪ್ಪವಾಗಿ ವಾಪಸು ಬರುತ್ತಾನೆಂಬುದು ನಮ್ಮ ತಾಲ್ಲೂಕಿಗೆಲ್ಲ ಗೊತ್ತು.

ಈಗ ಪೋಸ್ಟ್ ಮಾಸ್ಟರ ವಿಷಯ.

ರಿಪ್ಪನ್‌ಪೇಟೆಯಿಂದ ನಾಲ್ಕು ಮೈಲಿ ಆಚೆ, ಬಸ್ಸು ನಿಲ್ಲುವ ತಿರುವಿನಲ್ಲಿ ಅವರ ಮನೆ. ಜೈನರು. ಅವರು ನಿವೃತ್ತ ಪೋಸ್ಟ್ ಮಾಸ್ಟರು, ಅವರ ಹೆಂಡತಿ ನಿವೃತ್ತ ಟೀಚರು. ಮಾಸ್ಟರಿಗೆ ಎದೆಬಡಿತ ತಾಳ ತಪ್ಪುವ ಕಾಯಿಲೆ. ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ ಗರಣೆಯಾಗಿ, ಆ ಗರಣೆ ಮೆದುಳಿಗೆ ಹೋಗದಂತೆ ದಿನಾ ಸಂಜೆ ರಕ್ತ ತೆಳು ಮಾಡುವ ಒಂದು ಮಾತ್ರೆ. ತಿಂಗಳಿಗೊಮ್ಮೆ ಸಾಗರದ ಲ್ಯಾಬಿನಲ್ಲಿ ರಕ್ತಪರೀಕ್ಷೆ. ಕತ್ತಲಾದ ಮೇಲೆ ಆ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕುವುದಿಲ್ಲವಾದ್ದರಿಂದ ಅವರ ಕವರಿನ ಮೇಲೆ ನಾನು ಚಂದ್ರನ ಬದಲು ಮುಳುಗುತ್ತಿರುವ ಅರ್ಧ ಸೂರ್ಯನನ್ನು ಬರೆಯುತ್ತಿದ್ದೆ.

ಮಾಸ್ಟರು ಮಾತಿನ ಮನುಷ್ಯ. ಅಂಗಡಿಯ ಮುಂದಿನ ಸ್ಟೂಲಿನಲ್ಲಿ ಕೂತರೆ ಎರಡು ಬಸ್ಸು ತಪ್ಪಿಸಿಕೊಂಡೇ ಏಳುತ್ತಿದ್ದದ್ದು. ನನ್ನ ನೋಟ್‌ಬುಕ್ಕು ಅವರಿಗೆ ನಿತ್ಯದ ತಮಾಷೆಯ ವಸ್ತು.

“ಭಟ್ರೆ, ಸ್ಟಾಪ್ ಅಂದ್ರೆ ಮುಗೀತು ಅಂತ ಬರ್ಕೊಂಡಿದೀರಲ್ಲ, ಅದು ತಪ್ಪು. ನಾನು ತಂತಿ ಬರ್ಕೊಂಡವ್ನು. ತಂತೀಲಿ ಸ್ಟಾಪ್ ಅಂತ ಬಂತು ಅಂದ್ರೆ ಮುಂದೆ ಇನ್ನೊಂದು ವಾಕ್ಯ ಇದೆ ಅಂತ ಅರ್ಥ. ಅದಕ್ಕೂ ದುಡ್ಡು ತಗೊಳ್ತಿದ್ವಿ.”

“ಇದು ತಂತಿ ಆಫೀಸಲ್ಲ ಮಾಸ್ಟ್ರೆ, ಮೆಡಿಕಲ್ಲು.”

“ಎರಡೂ ಒಂದೇ. ಒಳ್ಳೆ ಸುದ್ದಿ ಇದ್ದೋರು ಎರಡು ಕಡೆಗೂ ಬರಲ್ಲ.”

ಅವರಿಗೆ ಹರ್ನಿಯಾ ಆಪರೇಷನ್ ಆಗಬೇಕಾಯಿತು, ತೀರ್ಥಹಳ್ಳಿಯಲ್ಲಿ. ಘಟ್ಟದ ಕೆಳಗಿನ ಹೃದಯದ ವೈದ್ಯರು ಒಪ್ಪಿಗೆ ಬರೆದು ಕೊಟ್ಟಿದ್ದರು: ರಕ್ತ ತೆಳು ಮಾಡುವ ಮಾತ್ರೆ ಐದು ದಿನ ಮೊದಲು ‘ಹೋಲ್ಡ್’. ಅದೇ ಕಾಗದದಲ್ಲಿ, ಮಂಡಿನೋವಿಗೆ ನುಂಗುತ್ತಿದ್ದ ಇನ್ನೊಂದು ಹಳೆಯ ಮಾತ್ರೆ ‘ಡಿಸ್ಕಂಟಿನ್ಯೂ’. ಗಂಡ ಹೆಂಡತಿ ಇಬ್ಬರೂ ಅಂಗಡಿಗೆ ಬಂದರು. ಎರಡೂ ಬಿಡುವುದೇ ಆದರೆ ಎರಡು ಮಾತೇಕೆ ಎಂದು ಟೀಚರು ಕೇಳಿದರು. ನಾನು ನೋಟ್‌ಬುಕ್ಕು ತೆಗೆದು ಓದಿದೆ. ಅವರು ಕೇಳಿಸಿಕೊಂಡು, ಮಕ್ಕಳ ಪಾಟಿ ತಿದ್ದಿದ ಹಾಗೆ ತಿದ್ದಿದರು.

“ಅಷ್ಟುದ್ದ ಯಾಕೆ ಭಟ್ರೆ? ನಮ್ಮಲ್ಲಿ ಒಂದು ವಸ್ತು ಬಿಡೋದು ಎರಡು ಥರ. ಇಂತಿಷ್ಟು ದಿನ ಅಂತ ಕಾಲ ಹಾಕಿ ಬಿಟ್ರೆ ಅದು ನಿಯಮ. ಬದುಕಿರೋವರೆಗೂ ಬೇಡ ಅಂತ ಬಿಟ್ರೆ ಅದು ಯಮ. ನಾನು ಆಲೂಗೆಡ್ಡೆ ಬಿಟ್ಟಿದ್ದು ಯಮ. ಹೋದ ವರ್ಷ ಎರಡು ತಿಂಗಳು ಬೆಲ್ಲ ಬಿಟ್ಟಿದ್ನಲ್ಲ, ಅದು ನಿಯಮ.”

ನನಗೆ ರೋಮಾಂಚನವಾಯಿತು. “ಹಂಗಾದ್ರೆ ಹೋಲ್ಡ್ ನಿಯಮ, ಡಿಸ್ಕಂಟಿನ್ಯೂ ಯಮ!”

“ನಿಮ್ಮ ಯಮ ಕೋಣದ ಮೇಲೆ ಬರ್ತಾನೆ” ಎಂದರು ಮಾಸ್ಟರು. “ನಮ್ಮ ಯಮ ಪಾಪದವನು, ಗೆಡ್ಡೆ ತಿನ್ಬೇಡ ಅಂತಾನೆ ಅಷ್ಟೆ.”

ಇಷ್ಟು ಕಾಲ ನಿಘಂಟಿನಲ್ಲಿ ಸಿಗದ ವ್ಯತ್ಯಾಸ ಗಾಜಿನ ಮೇಲೆ ಉಚಿತವಾಗಿ ಬಂದು ಬಿದ್ದಿತ್ತು. ಮಂಡಿನೋವಿನ ಮಾತ್ರೆಯನ್ನು ಅಲ್ಲೇ ಅವರಿಂದ ವಾಪಸು ಪಡೆದೆ. ರಕ್ತ ತೆಳು ಮಾಡುವ ಮಾತ್ರೆಯ ಪಟ್ಟಿಗೆ ಬಿಳಿ ದಾರ ಸುತ್ತಿ, “ಟೀಚರೇ, ಇದು ನಿಯಮ. ಗುರುವಾರದಿಂದ ಐದು ದಿನ. ನಾನು ಕೊಟ್ಟಿದೀನಿ ಅಂತ ಇಟ್ಕೊಳಿ” ಎಂದೆ. ಅವರು ನಗಲಿಲ್ಲ. ಕೈಮುಗಿದು ತೆಗೆದುಕೊಂಡರು. ನಾನು ನಕ್ಕೆ; ಪಾಂಡಿತ್ಯ ತಲೆಗೇರಿದವರು ನಗುವ ಹಾಗೆ.

ಐದು ದಿನ ಸರಿಯಾಗಿ ಬಿಟ್ಟರು. ಮಂಗಳವಾರ ಆಪರೇಷನ್ ಆಯಿತು, ಶುಕ್ರವಾರ ಮನೆಗೆ ಕಳಿಸಿದರು. ಬರುವಾಗ ಅಂಗಡಿಯ ಮುಂದೆ ಆಟೋ ನಿಲ್ಲಿಸಿ ಟೀಚರು ಡಿಸ್ಚಾರ್ಜ್ ಚೀಟಿ ಕೊಟ್ಟರು. ಗಾಯದ ಹತ್ತಿರ ಸ್ವಲ್ಪ ರಕ್ತ ಕಟ್ಟಿಕೊಂಡಿತ್ತಂತೆ. ಹಾಗಾಗಿ ಚೀಟಿಯಲ್ಲಿ ರಕ್ತ ತೆಳು ಮಾಡುವ ಮಾತ್ರೆಯ ಎದುರು ಮತ್ತೆ ‘ಹೋಲ್ಡ್’. ಚೀಟಿ ಕಂಪ್ಯೂಟರಿನದು; ‘ಹೋಲ್ಡ್’ ಆದಮೇಲೆ ‘ಎಲ್ಲಿಯವರೆಗೆ’ ಎಂದು ಅಚ್ಚಾಗಿ, ಮುಂದೆ ತುಂಬುವುದಕ್ಕೆ ಒಂದು ಗೆರೆ. ಗೆರೆಯ ಮೇಲೆ ಏನೂ ಇರಲಿಲ್ಲ.

ನಾನು ಆ ಗೆರೆಯನ್ನು ನೋಡಲಿಲ್ಲವೆಂದು ಹೇಳಿಕೊಂಡರೆ ಮನಸ್ಸಿಗೆ ಹಗುರವಾಗುತ್ತಿತ್ತು. ನೋಡಿದೆ. ಆಟೋ ಕಾಯಿಸಿ ತೀರ್ಥಹಳ್ಳಿಯ ವಾರ್ಡಿಗೆ ಫೋನನ್ನೂ ಮಾಡಿದೆ.

“ಬುಧವಾರ ಹೊಲಿಗೆ ತೆಗೆಸೋಕೆ ಬರ್ತಾರಲ್ಲ ಸರ್,” ನರ್ಸ್ ಹೇಳಿದಳು, “ಡಾಕ್ಟ್ರು ಗಾಯ ನೋಡಿ ಆಗ ಹೇಳ್ತಾರೆ.”

ಉತ್ತರ ಸರಿಯಾಗಿಯೇ ಇತ್ತು. ನಾನು ಕವರಿನ ಮೇಲೆ ‘ಹೇಳುವವರೆಗೆ ಬೇಡ’ ಎಂದು ಬರೆದೆ. ಮತ್ತೆ ಬಿಳಿ ದಾರ ಸುತ್ತಿದೆ. ಟೀಚರಿಗೆ, “ಇನ್ನೂ ನಿಯಮ ಮುಗಿದಿಲ್ಲ, ಬುಧವಾರದ ಮೇಲೆ ಹೇಳೋಣ” ಎಂದೆ. ಯಾರು ಹೇಳುತ್ತಾರೆಂದು ಬರೆಯಲಿಲ್ಲ. ಹೇಳುವವರು ಡಾಕ್ಟರೆಂಬುದು ನನಗೆ ಗೊತ್ತಿತ್ತು. ಇನ್ನೊಬ್ಬರಿಗೂ ಅದು ಗೊತ್ತಿರುತ್ತದೆಂದು ಅಂದುಕೊಳ್ಳುವುದು ನಮ್ಮ ಕಸುಬಿನ ಹಳೆಯ ಕಾಯಿಲೆ. ಅದಕ್ಕೆ ಮಾತ್ರೆ ಇನ್ನೂ ಬಂದಿಲ್ಲ.

ಬುಧವಾರ ಅವರು ತೀರ್ಥಹಳ್ಳಿಗೆ ಹೋದರು. ಆಪರೇಷನ್ ಮಾಡಿದ ಡಾಕ್ಟರು ರಜೆಯಲ್ಲಿದ್ದರು. ಡ್ಯೂಟಿಯಲ್ಲಿದ್ದ ಬೇರೆಯವರು ಹೊಲಿಗೆ ತೆಗೆದು, ಗಾಯ ಒಣಗಿದೆ ಎಂದು ಸಂತೋಷಪಟ್ಟು, ಚೀಟಿಯ ಕೆಳಗೆ ‘ಇದ್ದ ಚಿಕಿತ್ಸೆಯನ್ನೇ ಮುಂದುವರಿಸಿ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರು. ಹೀಗೆ, ನಡೆಯುತ್ತಿದ್ದ ಮಾತ್ರೆಗಳ ಜೊತೆ ನಿಂತಿದ್ದ ಮಾತ್ರೆಯ ನಿಲುಗಡೆಯೂ ವಿಧಿವತ್ತಾಗಿ ಮುಂದುವರಿಯಿತು. ವಾಪಸು ಬರುವಾಗ ಅವರು ಪೇಟೆಗೆ ಬರಲಿಲ್ಲ, ಮನೆಯ ತಿರುವಿನಲ್ಲೇ ಬಸ್ಸಿಳಿದರು. ರಕ್ತ ತೆಳು ಮಾಡುವ ಮಾತ್ರೆ ಮನೆಯಲ್ಲಿ ಇನ್ನೂ ಎರಡು ಪಟ್ಟಿ ಇದ್ದದ್ದರಿಂದ ಕೊಳ್ಳುವುದಕ್ಕೂ ಯಾರೂ ಬರಬೇಕಾಗಿರಲಿಲ್ಲ. ಡಾಕ್ಟರು ಶುರು ಮಾಡಿಸಿರುತ್ತಾರೆ ಅಂದುಕೊಂಡು ನಾನು ನಿಶ್ಚಿಂತೆಯಿಂದ ಬೇರೆಯವರ ಚೀಟಿಗಳನ್ನು ಓದಿಕೊಂಡಿದ್ದೆ.

ಶನಿವಾರ ಮಧ್ಯಾಹ್ನ ಟೀಚರು ಒಬ್ಬರೇ ಬಂದರು, ಬಿಪಿ ಮಾತ್ರೆಗೆ. ಕೊಟ್ಟೆ. ಚೀಲಕ್ಕೆ ಹಾಕಿಕೊಂಡು, ಹೊರಡುವ ಮೊದಲು ಕೇಳಿದರು:

“ಭಟ್ರೆ, ನಮ್ಮದು ಉದ್ಯಾಪನೆ ಯಾವಾಗ?”

“ಯಾವ್ದು ಟೀಚರೇ?”

“ಅದೇ, ದಾರ ಕಟ್ಟಿದ ನಿಯಮ ಮುಗಿಸೋದು. ಕ್ಯಾಲೆಂಡರಲ್ಲಿ ಗೆರೆ ಹಾಕ್ತಾ ಇದೀನಿ. ನಿನ್ನೆಗೆ ಹದಿನಾರು ದಿನ ಆಯ್ತು.”

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರನ್ನು ಕಳಿಸಿದ ಮೇಲೆ ಕೇಳಿದೆ, “ಬುಧವಾರ ಡಾಕ್ಟ್ರು ಶುರು ಮಾಡಿ ಅನ್ಲಿಲ್ವಾ?”

“ಇಲ್ಲ. ಇದ್ದ ಹಾಗೇ ಮುಂದುವರ್ಸಿ ಅಂದ್ರು.”

“ನೀವು ಕೇಳ್ಲಿಲ್ವಾ ತಾಯಿ?”

ಅವರ ಮುಖದಲ್ಲಿ ಆಶ್ಚರ್ಯ ಇತ್ತು, ತಪ್ಪಿನ ಸುಳಿವಿರಲಿಲ್ಲ. “ಅವ್ರನ್ನ ಯಾಕೆ ಕೇಳೋದು? ಅವ್ರು ಕೊಟ್ಟಿದ್ದಲ್ವಲ್ಲ. ನಿಯಮ ಯಾರ ಮುಂದೆ ತಗೊಂಡ್ವೋ ಅವ್ರ ಮುಂದೇನೇ ಮುಗಿಸೋದು ನಮ್ಮನೆ ಪದ್ಧತಿ. ನೀವು ಹೇಳ್ತೀರಿ ಅಂತ ಕೂತಿದ್ವಿ. ಇವ್ರು ಎರಡು ಸಲ ಅಂದ್ರು, ‘ಫೋನ್ ಮಾಡೇ, ಭಟ್ರು ಮರ್ತಿರ್ಬೋದು’ ಅಂತ. ನಾನೇ ಬೈದೆ. ಕೊಟ್ಟೋರಿಗೆ ಜ್ಞಾಪಕ ಮಾಡ್ಬಾರ್ದು, ಆತುರ ತೋರ್ಸಿದ ಹಾಗಾಗತ್ತೆ ಅಂತ.”

ಹೋಲ್ಡ್ ಎಂಬುದರ ಅರ್ಥ ಅವರಿಗೆ ಪೂರ್ತಿ ಗೊತ್ತಿತ್ತು. ಇದು ಬಿಟ್ಟದ್ದಲ್ಲ, ತಡೆದದ್ದು, ಮತ್ತೆ ಶುರುವಾಗತಕ್ಕದ್ದು, ಕಾಲ ಬರುವವರೆಗೆ ಕಾಯತಕ್ಕದ್ದು. ಚೀಟಿ ಬರೆದವರಿಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಉಪಮಾನವನ್ನು ನಾನು ಅಲಂಕಾರಕ್ಕೆ ಬಳಸಿದ್ದೆ, ಅವರು ಆಚರಣೆಗೆ ತಂದಿದ್ದರು. ಅಷ್ಟೇ ವ್ಯತ್ಯಾಸ.

ತೀರ್ಥಹಳ್ಳಿಗೆ ಫೋನ್ ಮಾಡಿದೆ. ಡಾಕ್ಟರು ಸೋಮವಾರ ಬರುತ್ತಾರೆ. ಡ್ಯೂಟಿಯವರು ಆಪರೇಷನ್ನಿನಲ್ಲಿದ್ದಾರೆ, ಅರ್ಧ ಗಂಟೆ ಬಿಟ್ಟು ಮಾಡಿದಾಗ ಮನೆಗೆ ಹೋಗಿದ್ದಾರೆ. ಘಟ್ಟದ ಕೆಳಗಿನ ಆಸ್ಪತ್ರೆಗೆ ಮಾಡಿದೆ. ಒಂದು ಯಂತ್ರ ಮೂರು ಭಾಷೆಯಲ್ಲಿ ನನ್ನನ್ನು ಸ್ವಾಗತಿಸಿ, ಸಂಗೀತ ಹಾಕಿ, ಕೊನೆಗೆ ಒಬ್ಬ ಹುಡುಗಿಯ ಕೈಗೊಪ್ಪಿಸಿತು. ಆಕೆ ಮುಂದಿನ ಗುರುವಾರಕ್ಕೆ ಅಪಾಯಿಂಟ್‌ಮೆಂಟ್ ಕೊಡಬಹುದು ಎಂದಳು. ಡಾಕ್ಟರಲ್ಲಿ ಒಂದೇ ಮಾತು ಕೇಳಿ ಹೇಳಮ್ಮ ಎಂದರೆ, “ಫೋನಲ್ಲಿ ಔಷಧಿ ಹೇಳೋದಿಲ್ಲ ಸರ್” ಎಂದಳು. ಅದೂ ಸರಿಯೇ.

ಈಗ ತೀರ್ಮಾನ ನನ್ನದಾಯಿತು. ದಾರಿ ಮೂರಿತ್ತು. ಒಂದು, ನಾನೇ ‘ಇವತ್ತು ಸಂಜೆಯಿಂದ ನುಂಗಿ’ ಅನ್ನುವುದು. ಗಾಯದ ಹತ್ತಿರ ರಕ್ತ ಕಟ್ಟಿದ್ದ ಮನುಷ್ಯ. ಒಳಗೆ ರಕ್ತ ಸೋರಿದರೆ? ಮಾತ್ರೆ ಮಾರುವವನು ಮಾತ್ರೆ ಬರೆಯಬಾರದೆಂಬ ಕಟ್ಟನ್ನು ನಾನು ಅಂಗಡಿ ತೆರೆದಂದಿನಿಂದ ಮುರಿದಿರಲಿಲ್ಲ. ಎರಡು, ಆಗಲೇ ಕಾರು ಮಾಡಿಸಿ ಯಾವುದಾದರೂ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕಳಿಸುವುದು. ಮಾಸ್ಟರು ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದಾರೆ, ಚೆನ್ನಾಗಿರುವವರನ್ನು ತುರ್ತು ಎಂದು ಒಯ್ದರೆ ಅಲ್ಲಿಯವರು ನಗುತ್ತಾರೆ ಅನ್ನಿಸಿತು. ಮೂರು, ಸೋಮವಾರ ಬೆಳಿಗ್ಗೆ ಸಾಗರದಲ್ಲಿ ರಕ್ತಪರೀಕ್ಷೆ ಮಾಡಿಸಿ, ವರದಿ ಹಿಡಿದು ತೀರ್ಥಹಳ್ಳಿಗೆ ಹೋಗಿ, ಡಾಕ್ಟರ ಕೈಯಲ್ಲೇ ಆ ಗೆರೆ ತುಂಬಿಸುವುದು. ಕ್ರಮಬದ್ಧವಾದದ್ದು ಮೂರನೆಯದು. ಹದಿನಾರು ದಿನ ತಡೆದದ್ದು ಇನ್ನೆರಡು ದಿನ ತಡೆಯಲಾರದೆ ಎಂದು ನನಗೆ ನಾನೇ ಹೇಳಿಕೊಂಡೆ. ಈ ವಾಕ್ಯವನ್ನು ಆಮೇಲೆ ಎಷ್ಟೋ ಸಲ ಹೇಳಿ ನೋಡಿದ್ದೇನೆ. ಕೇಳುವುದಕ್ಕೆ ಈಗಲೂ ಸಮಂಜಸವಾಗಿಯೇ ಇದೆ.

“ಸೋಮವಾರ ನಾನೂ ಬರ್ತೀನಿ ಟೀಚರೇ, ಲ್ಯಾಬಿನ ಹತ್ರ ಸಿಗ್ತೀನಿ” ಎಂದೆ.

ಸಾಗರದಲ್ಲಿ ಟೀಚರ ತಂಗಿಯ ಮನೆಯಿತ್ತು. ಭಾನುವಾರವೇ ಹೋಗಿ ಅಲ್ಲಿ ಉಳಿದರು. ನಾನು ಸೋಮವಾರ ಮೊದಲ ಬಸ್ಸಿಗೆ ಹೋದೆ. ಎಂಟು ಗಂಟೆಗೆ ಲ್ಯಾಬ್ ಬಾಗಿಲು ತೆಗೆಯುವ ಹೊತ್ತಿಗೆ ಮಾಸ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮೆಟ್ಟಿಲ ಮೇಲೆ ನಿಂತಿದ್ದರು.

“ಏನ್ ಭಟ್ರೆ, ನಮ್ಮ ಗುರುಗಳು! ಪಾದಪೂಜೆ ಮಾಡ್ಬೇಕೋ ಎಂತ?”

“ತಮಾಷೆ ಬೇಡ ಮಾಸ್ಟ್ರೆ. ತಪ್ಪು ನಂದು.”

“ತಪ್ಪು ಯಾರ್ದಾದ್ರೆ ಏನೀಗ? ಹದಿನೆಂಟು ದಿನ ಗುಳಿಗೆ ಇಲ್ದೆ ಆರಾಮಿದ್ದೆ. ಇನ್ನೊಂದು ವಾರ ಬಿಟ್ಟಿದ್ರೆ ಇವ್ಳು ನನ್ನ ಬಸದೀಲೇ ಕೂರ್ಸ್ತಿದ್ಲು.”

“ಬಾಯಿ ಮುಚ್ಕೊಂಡು ಹೆಸರು ಬರೀರಿ” ಎಂದರು ಟೀಚರು.

ಲ್ಯಾಬಿನಲ್ಲಿ ಬಂದವರು ತಾವೇ ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು. ಮಾಸ್ಟರ ಅಕ್ಷರ ಅಚ್ಚಿನ ಹಾಗೆ. ಬಗ್ಗಿ ಎರಡು ಅಕ್ಷರ ಬರೆದರು. ಬರೆಯುತ್ತಲೇ, ತಂಗಿಯ ಮನೆಯಲ್ಲಿ ಕೊಟ್ಟ ಕಷಾಯದ ಬಗ್ಗೆ ಏನೋ ಹೇಳುತ್ತಿದ್ದರು; “ಆ ಕಷಾಯ ಕುಡಿದ್ರೆ ಭಟ್ರೆ, ನಿಮ್ಮ ಅಂಗ್ಡಿ” ಎಂಬಲ್ಲಿಗೆ ಬಂದಿತ್ತು. ಮೂರನೆಯ ಅಕ್ಷರ ಗೆರೆ ಬಿಟ್ಟು ಕೆಳಗೆ ಜಾರಿತು. ಪೆನ್ನು ಬಿತ್ತು. ಅದನ್ನು ಎತ್ತಿಕೊಳ್ಳಲು ಬಲಗೈ ನೀಡಿದರು, ಕೈ ಹೋಗಲಿಲ್ಲ. ತಮ್ಮ ಕೈಯನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡಿದರು. ಬಾಯಿಯ ಒಂದು ಮಗ್ಗುಲು ಇಳಿಯಿತು. ನಾನು ಕಂಕುಳಿಗೆ ಕೈಕೊಟ್ಟು ಹಿಡಿದುಕೊಂಡೆ.

“ರೀ, ಏನಾಯ್ತು? ಹೇಳ್ರೀ!” ಟೀಚರು ಅವರ ಗಲ್ಲ ಹಿಡಿದು ಕೇಳುತ್ತಿದ್ದರು. ಮಾಸ್ಟರು ಹೇಳುತ್ತಲೇ ಇದ್ದರು. ಶಬ್ದ ಬರುತ್ತಿತ್ತು, ಮಾತು ಇರಲಿಲ್ಲ.

ಕಾಲು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದೆವು. ಸ್ಕ್ಯಾನ್ ಬೇಗ ಆಯಿತು. ಸಾಗರದ ಆ ಡಾಕ್ಟರು ಚಿಕ್ಕ ವಯಸ್ಸಿನವರು, ಚುರುಕಾಗಿದ್ದರು. ಮೆದುಳಿನ ಎಡಭಾಗಕ್ಕೆ ಹೋಗುವ ನಾಳದಲ್ಲಿ ಗರಣೆ ಸಿಕ್ಕಿಕೊಂಡಿದೆ ಎಂದರು.

“ಇಷ್ಟು ಬೇಗ ಕರ್ಕೊಂಡ್ ಬಂದಿದೀರಿ. ಕರಗಿಸೋ ಇಂಜೆಕ್ಷನ್ ಕೊಡ್ಬಹುದಿತ್ತು. ಆದ್ರೆ ಹೋದ ಹದಿನೈದು ದಿನದಲ್ಲಿ ಏನಾದ್ರೂ ಆಪರೇಷನ್ ಆಗಿದ್ಯಾ?”

“ಇವತ್ತಿಗೆ ಹದಿಮೂರು ದಿನ” ಎಂದರು ಟೀಚರು.

ಡಾಕ್ಟರು ತೀರ್ಥಹಳ್ಳಿಯ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಗಾಯದಲ್ಲಿ ರಕ್ತ ಕಟ್ಟಿದ್ದನ್ನೂ ಓದಿದರು. ಪೆನ್ನನ್ನು ಜೇಬಿಗಿಟ್ಟರು. “ಕೊಡೋ ಹಾಗಿಲ್ಲಮ್ಮ. ಕೊಟ್ರೆ ಹೊಟ್ಟೆ ಒಳಗೆ ರಕ್ತ ಸೋರಿ ಜೀವಕ್ಕೇ ಅಪಾಯ.” ಗರಣೆಯನ್ನು ನಾಳದಿಂದ ಎಳೆದು ತೆಗೆಯುವ ಸೌಕರ್ಯ ಘಟ್ಟದ ಕೆಳಗಿದೆ, ವಿಚಾರಿಸುತ್ತೇನೆ ಎಂದು ಫೋನ್ ಹಿಡಿದು ಹೊರಗೆ ಹೋದರು. ಆಂಬುಲೆನ್ಸು ಸಿದ್ಧವಾಗಿ, ಘಟ್ಟ ಇಳಿದು ಅಲ್ಲಿಗೆ ಮುಟ್ಟುವ ಹೊತ್ತಿಗೆ ಮೆದುಳಿನಲ್ಲಿ ಉಳಿಯಬೇಕಾದ ಭಾಗ ಉಳಿದಿರುವುದಿಲ್ಲ ಎಂದು ವಾಪಸು ಬಂದು ಹೇಳಿದರು. ಆದರೂ ಕಳಿಸುವುದು ಕರ್ತವ್ಯ, ಕಳಿಸುತ್ತೇನೆ ಎಂದರು.

ಆಂಬುಲೆನ್ಸಿನ ಕಾಗದ ಬರೆಯುತ್ತ ನನ್ನ ಕಡೆ ತಿರುಗಿದರು. “ರಕ್ತ ತೆಳು ಮಾಡೋ ಮಾತ್ರೇನ ಯಾರ್ರೀ ಡಿಸ್ಕಂಟಿನ್ಯೂ ಮಾಡಿದ್ದು?”

“ಡಿಸ್ಕಂಟಿನ್ಯೂ ಅಲ್ಲ ಸಾರ್” ಎಂದೆ. “ಹೋಲ್ಡ್.”

ಅವರು ನನ್ನನ್ನು ಒಂದು ಕ್ಷಣ ನೋಡಿದರು. “ಈಗ ಎರಡಕ್ಕೂ ಏನ್ ವ್ಯತ್ಯಾಸ?”

ಟೀಚರು ಬೆಂಚಿನ ಮೇಲೆ ಕೂತು ಮಾಸ್ಟರ ಚಪ್ಪಲಿಗಳನ್ನು ಚೀಲಕ್ಕೆ ಹಾಕುತ್ತಿದ್ದರು. ನಾನು ಹತ್ತಿರ ಹೋಗಿ ಕೂತೆ. ಬೈದಿದ್ದರೆ ಚೆನ್ನಾಗಿತ್ತು.

“ನೀವು ಒಂದ್ ಮಾತು ಹೇಳಿದ್ರೆ ಸಾಕಿತ್ತು ಭಟ್ರೆ” ಎಂದರು. “ನಾನು ಒಂದ್ ಮಾತು ಕೇಳಿದ್ರೂ ಸಾಕಿತ್ತು.” ಆಮೇಲೆ ಚೀಲದ ಬಾಯಿ ಕಟ್ಟಿ ಎದ್ದರು.

ಘಟ್ಟದ ಕೆಳಗೆ ಒಂಬತ್ತು ದಿನ ಇಟ್ಟುಕೊಂಡು ಕಳಿಸಿದರು. ತೀರ್ಥಹಳ್ಳಿಯ ಡಾಕ್ಟರು ರಜೆ ಮುಗಿಸಿ ಬಂದವರು ನನಗೆ ತಾವಾಗಿಯೇ ಫೋನ್ ಮಾಡಿದರು. ಆ ಗೆರೆ ತುಂಬದಿದ್ದರೆ ಚೀಟಿ ಅಚ್ಚಾಗದ ಹಾಗೆ ಕಂಪ್ಯೂಟರಿನಲ್ಲಿ ಮಾಡಿಸುತ್ತೇನೆ ಎಂದರು, ನೊಂದು ಹೇಳಿದರು. ಅಲ್ಲಿಂದ ಬರುವ ಚೀಟಿಗಳಲ್ಲಿ ಈಗ ಆ ಗೆರೆ ಖಾಲಿ ಇರುವುದಿಲ್ಲ. ‘ಸಲಹೆಯವರೆಗೆ’ ಎಂದು ತಾನಾಗಿಯೇ ತುಂಬಿಕೊಂಡು ಬರುತ್ತದೆ.

ಅಂಥ ಚೀಟಿ ಬಂದರೆ ನಾನು ಈಗ ಕವರಿನ ಮೇಲೆ ಏನೂ ಬರೆಯುವುದಿಲ್ಲ. ಯಾರ ಸಲಹೆ, ಯಾವತ್ತು ಎಂದು ಬರೆಸಿಕೊಂಡು ಬನ್ನಿ ಎಂದು ವಾಪಸು ಕಳಿಸುತ್ತೇನೆ. ಅಷ್ಟು ದೂರ ಬಸ್ಸಿನಲ್ಲಿ ಬಂದವರು ಮತ್ತೆ ಅಷ್ಟು ದೂರ ಹೋಗುವುದಿಲ್ಲ. ಎದುರಿನ ಹೊಸ ಮೆಡಿಕಲ್ಲಿಗೆ ಹೋಗುತ್ತಾರೆ. ಅಲ್ಲಿಯ ಹುಡುಗ ಚೀಟಿ ನೋಡಿ, “ಇದು ಸದ್ಯಕ್ಕೆ ಬೇಡ” ಎಂದು ಅರ್ಧ ನಿಮಿಷದಲ್ಲಿ ಹೇಳಿ ಕಳಿಸುತ್ತಾನೆ. ಗಾಜಿನ ಹಿಂದೆ ಕೂತು ನಾನು ಅದನ್ನು ನೋಡುತ್ತೇನೆ.

ತಿಂಗಳಿಗೊಮ್ಮೆ ಪೋಸ್ಟ್ ಮಾಸ್ಟರ ಮನೆಗೆ ಮಾತ್ರೆ ಮುಟ್ಟಿಸಿ ಬರುತ್ತೇನೆ. ಟೀಚರು ಕೂರಿಸುತ್ತಾರೆ, ಹಾಲು ಕೊಡುತ್ತಾರೆ, ಪೇಟೆಯ ಸುದ್ದಿ ಕೇಳುತ್ತಾರೆ. ಗೋಡೆಯ ಕಡೆಯ ಮಂಚದಿಂದ ಮಾಸ್ಟರು ನನ್ನನ್ನು ನೋಡುತ್ತಾರೆ. ಗುರುತು ಹಿಡಿಯುತ್ತಾರೋ ಇಲ್ಲವೋ ಎಂದು ಟೀಚರನ್ನು ಕೇಳಿದೆ. ಹಿಡಿಯುತ್ತಾರೆ ಎಂದರು.

ರಕ್ತ ತೆಳು ಮಾಡುವ ಮಾತ್ರೆ ಪಾರ್ಶ್ವವಾಯು ಹೊಡೆದ ಎರಡು ವಾರದ ಮೇಲೆ ಮತ್ತೆ ಶುರುವಾಯಿತು. ಬಲಗೈ, ಬಲಗಾಲು ಸ್ವಾಧೀನಕ್ಕೆ ಬಂದಿಲ್ಲ. ಮಾತು ಬಂದಿಲ್ಲ.